ಗುಜರಿ ಅಂಗಡಿಯೂ ಪರವಾನಗಿಯ ಪಟ್ಟಿಯೂ



‘ಗುಜರಿ’ ಎಂಬ ಮಾತನ್ನು ನಾವೆಲ್ಲರೂ ಬಳಸುತ್ತೇವೆ. ಕೆಲಸಕ್ಕೆ ಬಾರದ ವಸ್ತುವನ್ನೂ, ಅದನ್ನು ಕೊಳ್ಳುವ ಅಂಗಡಿಯನ್ನೂ, ಒಮ್ಮೊಮ್ಮೆ ಕೋಪ ಬಂದಾಗ ನಮ್ಮ ಹಳೆಯ ವಾಹನವನ್ನೂ ಅದೇ ಹೆಸರಿನಿಂದ ಕರೆಯುತ್ತೇವೆ. ಹಿಂದುಸ್ತಾನಿಯಲ್ಲಿ ‘ಗುಜ್ರಿ’ ಎಂದರೆ ಇಳಿಹೊತ್ತಿನಲ್ಲಿ ದಾರಿಯ ಬದಿಯಲ್ಲಿ ನೆರೆಯುವ ಸಂತೆ ಎಂದರ್ಥ. ದಂಡಿನ ದಖನಿ ಉರ್ದುವಿನ ಸಹವಾಸದಿಂದ ಆ ಪದವು ನಮ್ಮ ಬೆಂಗಳೂರಿನ ಕನ್ನಡಕ್ಕೆ ಬಂದಿರಬೇಕು. ಸಂತೆ ಎಂಬ ಅರ್ಥ ಮರೆಯಾಯಿತು, ಕಸ ಎಂಬ ಅರ್ಥ ಉಳಿಯಿತು. ಈ ವ್ಯಾಪಾರವನ್ನು ನಮ್ಮ ಕಾನೂನು ನೋಡುತ್ತ ಬಂದ ಬಗೆಯಲ್ಲಿಯೂ ಹೆಚ್ಚು ಕಡಿಮೆ ಇದೇ ಆಗಿದೆ. ಅದನ್ನೇ ಈ ಬಾರಿ ಬರೆಯಬೇಕೆಂದಿದ್ದೇನೆ.

ಹಲಸೂರಿನ ಶಾಲೆಯಲ್ಲಿ ನನ್ನ ಬಳಿ ಓದಿದವರಿಗೆ ಮಾರ್ಚ್ ತಿಂಗಳ ಕೊನೆಯ ದಿನಗಳು ನೆನಪಿರಬಹುದು. ಪರೀಕ್ಷೆ ಮುಗಿದ ಮರುದಿನವೇ ಹಳೆಯ ನೋಟ್‌ಬುಕ್ಕುಗಳನ್ನು ಹಗ್ಗದಲ್ಲಿ ಕಟ್ಟಿಕೊಂಡು ನೀವು ಗುಜರಿ ಅಂಗಡಿಗೆ ಓಡುತ್ತಿದ್ದಿರಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಒಂದು ವರ್ಷದ ವಿದ್ಯೆ, ಇನ್ನೊಂದರಲ್ಲಿ ಕಬ್ಬಿಣದ ಕಲ್ಲು. ಕೆಲವು ವಾರಗಳ ನಂತರ ಬೀದಿಯಲ್ಲಿ ಕೊಂಡ ಕಡಲೆಕಾಯಿಯ ಪೊಟ್ಟಣವನ್ನು ಬಿಡಿಸಿದರೆ ಅದರೊಳಗೆ ಪಾಣಿಪತ್ ಕದನದ ಕಾರಣಗಳು, ಕೆಂಪು ಶಾಯಿಯಲ್ಲಿ ನನ್ನದೇ ಸಹಿ! ಮರುಬಳಕೆ ಎಂಬ ಪದವನ್ನು ಪಠ್ಯಪುಸ್ತಕದಲ್ಲಿ ಕಲಿಸುವ ಮೊದಲೇ ನಾವೆಲ್ಲ ಅದನ್ನು ಆಚರಿಸುತ್ತಿದ್ದೆವು. ಆ ಅಂಗಡಿಯವನಿಗೆ ಪರವಾನಗಿ ಇತ್ತೇ ಎಂದು ಅಂದು ಯಾರೂ ಕೇಳುತ್ತಿರಲಿಲ್ಲ.

ಇಂದು ಕೇಳುತ್ತಾರೆ. ಕೇಳಬೇಕಾದದ್ದೇ. ಆದರೆ ಕೇಳುವ ರೀತಿ ಎಲ್ಲಿಂದ ಬಂತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡನ್ನು ಸ್ಥಾಪಿಸಿದರು. ಪಡೆಯ ಜೊತೆಗೆ ಅದಕ್ಕೆ ಬೇಕಾದ ದರ್ಜಿಗಳು, ಕಟುಕರು, ತೊಗಲಿನ ವ್ಯಾಪಾರಿಗಳು, ಗಾಡಿಯವರು, ಹಳೆಯ ಬಟ್ಟೆ ಮತ್ತು ಲೋಹ ಕೊಳ್ಳುವವರು ಬಂದು ನೆಲೆಸಿದರು. ಇಂದು ಶಿವಾಜಿನಗರ ಎಂದು ಕರೆಯುವ ಅಂದಿನ ಬ್ಲಾಕ್‌ಪಲ್ಲಿ ಹೀಗೆ ತುಂಬಿಕೊಂಡ ಬಡಾವಣೆ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭೆಗಳು ಹುಟ್ಟಿದವು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. ಹೀಗಾಗಿ ಒಂದೇ ಊರಿನಲ್ಲಿ ಎರಡು ಆಡಳಿತ, ಎರಡು ನಿಯಮ. ಪೇಟೆಯಲ್ಲಿ ಕೊಂಡ ಸರಕನ್ನು ದಂಡಿಗೆ ತಂದರೆ ಬೇರೆಯೇ ಸರಕಾರದ ಗಡಿಯನ್ನು ದಾಟಿದಂತೆ.

ನಗರ ನೈರ್ಮಲ್ಯದ ಕಾನೂನಿನ ಮಾದರಿ ಅಂದು ಇಂಗ್ಲೆಂಡಿನಿಂದ ಬರುತ್ತಿತ್ತು. ಅಲ್ಲಿನ 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯು ಕೆಲವು ಕಸುಬುಗಳನ್ನು ‘ಅಸಹ್ಯಕರ’ ಎಂದು ಹೆಸರಿಸಿತು: ರಕ್ತ ಕುದಿಸುವುದು, ಮೂಳೆ ಬೇಯಿಸುವುದು, ತೊಗಲು ಸುಲಿದು ಹದಗೊಳಿಸುವುದು, ಕೊಬ್ಬು ಕರಗಿಸುವುದು, ಸಾಬೂನು ಕುದಿಸುವುದು. ಸ್ಥಳೀಯ ಸಂಸ್ಥೆಯ ಒಪ್ಪಿಗೆಯಿಲ್ಲದೆ ಪಟ್ಟಣದೊಳಗೆ ಇವನ್ನು ಹೊಸದಾಗಿ ಆರಂಭಿಸಕೂಡದು ಎಂಬುದು ಆಜ್ಞೆ. ಅಂದಿನ ಬಹುಮಂದಿ ದುರ್ವಾಸನೆಯೇ ರೋಗವನ್ನು ಹೊತ್ತು ತರುತ್ತದೆ ಎಂದು ನಂಬಿದ್ದರು. ಆದ್ದರಿಂದ ಯಾವುದು ನಾರುತ್ತದೆಯೋ ಅದು ಅಪಾಯ, ಅದನ್ನು ದೂರ ಇಡಬೇಕು. ಇದೇ ಮನೋಧರ್ಮದ ಪಟ್ಟಿಗಳು ಭಾರತದ ಪುರಸಭಾ ಕಾನೂನುಗಳಿಗೂ ಬಂದವು. ಮೂಳೆ, ತೊಗಲು, ಕೂದಲು, ಚಿಂದಿ ಬಟ್ಟೆ ಎಲ್ಲವೂ ಒಂದೇ ಸಾಲಿನಲ್ಲಿ ನಿಂತವು.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಗಲ್ಲಿಗಳ ಜನ ಸಾವಿರಾರು ಸಂಖ್ಯೆಯಲ್ಲಿ ತೀರಿಕೊಂಡರು. ಆ ಪೆಟ್ಟಿನಿಂದಲೇ ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ದಂಡಿನ ಕಡೆ, ಬ್ಲಾಕ್‌ಪಲ್ಲಿಯ ಒತ್ತಡವನ್ನು ಇಳಿಸಲು, ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಫ್ರೇಜರನ ಹೆಸರಿನಲ್ಲಿ ಫ್ರೇಜರ್ ಟೌನ್ ಎದ್ದಿತು. ಮನೆಗಳ ಹಿಂಬದಿಯಲ್ಲಿ ಕಸ ಮತ್ತು ಮಲವನ್ನು ಸಾಗಿಸಲೆಂದೇ ಬಿಟ್ಟ ಕಿರುದಾರಿಗಳನ್ನು ನೀವು ಹಳೆಯ ಬಡಾವಣೆಗಳಲ್ಲಿ ಕಂಡಿದ್ದೀರಿ, ‘ಕನ್ಸರ್ವೆನ್ಸಿ ಗಲ್ಲಿ’ ಎಂದು ಕರೆಯುತ್ತಿದ್ದೆವು. ಆ ಗಲ್ಲಿಯ ಉದ್ದೇಶ ಎರಡು. ಕಸ ಹೋಗಬೇಕು, ಕಸವನ್ನು ಹೊರುವವನು ಮನೆಯ ಮುಂಬಾಗಿಲಿಗೆ ಕಾಣಕೂಡದು.

ಇದೇ ಕಾಲದ ಪ್ಯಾರಿಸ್ಸಿನ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 1883ರಲ್ಲಿ ಅಲ್ಲಿನ ಆಡಳಿತಾಧಿಕಾರಿ ಯುಜೀನ್ ಪೂಬೆಲ್ ಎಂಬಾತ ಪ್ರತಿಯೊಂದು ಕಟ್ಟಡವೂ ಕಸಕ್ಕಾಗಿ ಮುಚ್ಚಳವಿರುವ ಡಬ್ಬಿಯನ್ನು ಇಡಬೇಕೆಂದು ಆಜ್ಞೆ ಹೊರಡಿಸಿದ. ಊರು ಸ್ವಚ್ಛವಾಯಿತು. ಆದರೆ ಬೀದಿಯ ಕಸದಲ್ಲಿ ಚಿಂದಿ, ಮೂಳೆ ಆಯ್ದು ಬದುಕುತ್ತಿದ್ದ ಸಾವಿರಾರು ಜನ ತಮ್ಮ ಅನ್ನ ಹೋಯಿತೆಂದು ಪ್ರತಿಭಟಿಸಿದರು. ಇಂದಿಗೂ ಫ್ರೆಂಚ್ ಭಾಷೆಯಲ್ಲಿ ಕಸದ ಬುಟ್ಟಿಗೆ ಆ ಅಧಿಕಾರಿಯ ಹೆಸರೇ ಇದೆ, ಚಿಂದಿ ಆಯ್ದವರ ಹೆಸರು ಯಾವುದೂ ಉಳಿದಿಲ್ಲ. ನೈರ್ಮಲ್ಯದ ಪ್ರತಿಯೊಂದು ಸುಧಾರಣೆಯೂ ಯಾರದೋ ಜೀವನೋಪಾಯವನ್ನು ಮುಟ್ಟುತ್ತದೆ ಎಂಬುದಕ್ಕೆ ಇದೊಂದು ಹಳೆಯ ಉದಾಹರಣೆ.

ನಮ್ಮ ಊರಿಗೆ ಮರಳೋಣ. 1947ರ ಜುಲೈನಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಪುರಸಭೆಗಳು ಸೇರಿ ಒಂದೇ ನಗರ ಪಾಲಿಕೆಯಾಯಿತು. ಆಮೇಲೆ 1976ರ ಕರ್ನಾಟಕ ಪೌರ ನಿಗಮಗಳ ಕಾಯಿದೆ ಬಂದಿತು. ಅದರ 353ನೆಯ ಪ್ರಕರಣ ಮತ್ತು ಹತ್ತನೆಯ ಅನುಸೂಚಿಯ ಆಧಾರದ ಮೇಲೆಯೇ ಬೆಂಗಳೂರಿನಲ್ಲಿ ದಶಕಗಳ ಕಾಲ ಉದ್ದಿಮೆ ಪರವಾನಗಿಗಳನ್ನು ಕೊಡಲಾಯಿತು. ಪರವಾನಗಿ ಇಲ್ಲದೆ ಯಾವ ಯಾವ ಉದ್ದೇಶಕ್ಕೆ ಜಾಗವನ್ನು ಬಳಸಕೂಡದು ಎಂಬ ಉದ್ದನೆಯ ಪಟ್ಟಿ ಅದು. ಅಂಥ ಪಟ್ಟಿಯ ಹಿಂದೆ 1875ರ ಇಂಗ್ಲೆಂಡಿನ ಮೂಗು ಇನ್ನೂ ಇದೆ. ಈ ಕಸುಬಿನಿಂದ ನೆರೆಯವರಿಗೆ ಏನು ತೊಂದರೆ ಎಂದು ಅದು ಕೇಳುತ್ತದೆ. ಊರಿಗೆ ಏನು ಪ್ರಯೋಜನ ಎಂದು ಕೇಳುವುದಿಲ್ಲ. ಅಂದು ಹಾಗೆ ಕೇಳುವ ಅಗತ್ಯವೂ ಕಂಡಿರಲಿಕ್ಕಿಲ್ಲ. ಊರಿನ ಕಸ ಎತ್ತಿನ ಗಾಡಿಯಲ್ಲಿ ಹೊಲಗಳಿಗೆ ಗೊಬ್ಬರವಾಗಿ ಹೋಗುತ್ತಿದ್ದ ಕಾಲ ಇನ್ನೂ ಜನರ ನೆನಪಿನಲ್ಲಿತ್ತು.

ಕಸದಲ್ಲಿ ಪ್ಲಾಸ್ಟಿಕ್ ಸೇರಿದ ಮೇಲೆ ಹೊಲದವರು ಅದನ್ನು ಬೇಡವೆಂದರು. ಇಂದಿರಾನಗರದಂಥ ಹೊಸ ಬಡಾವಣೆಗಳು ತುಂಬಿಕೊಂಡವು, ಕೆ.ಆರ್. ಪುರದ ಆಚೆಗೂ ಊರು ಹಬ್ಬಿತು. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ದೇಶವೇ ಬೆಚ್ಚಿತು. 1996ರಲ್ಲಿ ಬೆಂಗಳೂರಿನ ನಿವಾಸಿ ಅಲ್ಮಿತ್ರಾ ಪಟೇಲ್ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅದರ ಫಲವಾಗಿ ಸಮಿತಿಯೊಂದು ವರದಿ ಕೊಟ್ಟಿತು, 2000ದಲ್ಲಿ ನಗರ ಘನತ್ಯಾಜ್ಯ ನಿಯಮಗಳು ದೇಶಕ್ಕೆಲ್ಲ ಬಂದವು. ಅದೇ ಸುಮಾರಿಗೆ ನಮ್ಮಲ್ಲಿ ‘ಸ್ವಚ್ಛ ಬೆಂಗಳೂರು’ ಯೋಜನೆಯಡಿ ಮನೆಬಾಗಿಲಿನಿಂದ ಕಸ ಸಂಗ್ರಹಿಸುವ ಕ್ರಮ ಆರಂಭವಾಯಿತು.

2007ರಲ್ಲಿ ಕೆ.ಆರ್. ಪುರ, ಮಹದೇವಪುರ ಮೊದಲಾದ ಏಳು ನಗರಸಭೆಗಳು, ಕೆಂಗೇರಿ ಪುರಸಭೆ, 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ಊರು ದೊಡ್ಡದಾದಂತೆ ಕಸವನ್ನು ಇನ್ನಷ್ಟು ದೂರದ ಹಳ್ಳಿಗಳಿಗೆ ಸಾಗಿಸಿದರು. ನಮ್ಮ ಪೂರ್ವ ದಿಕ್ಕಿನಲ್ಲಿ ಆ ಪಾಡು ಬಿದ್ದದ್ದು ಮಂಡೂರಿಗೆ. ಹಳೆಯ ಮದ್ರಾಸು ರಸ್ತೆಯಲ್ಲಿ ಸಾಲಾಗಿ ಹೋಗುತ್ತಿದ್ದ ಕಸದ ಲಾರಿಗಳ ಹಿಂದೆ ಸಿಕ್ಕಿಕೊಂಡವರು ಆ ವಾಸನೆಯನ್ನು ಮರೆತಿರಲಾರರು. ಅಲ್ಲಿ ಕಸದಿಂದ ವಿದ್ಯುತ್ ತೆಗೆಯುವ ಮಾತಾಯಿತು, ವಿದ್ಯುತ್ ಬರಲಿಲ್ಲ, ಬೆಟ್ಟ ಮಾತ್ರ ಬೆಳೆಯಿತು. 2012ರಲ್ಲಿ ಉತ್ತರದ ಮಾವಳ್ಳಿಪುರದ ಕಸದ ನೆಲ ಮುಚ್ಚಿದಾಗ ನಗರದ ಬೀದಿಗಳಲ್ಲಿ ಕಸ ಕೊಳೆಯಿತು, ಮಂಡೂರಿನ ಮೇಲಿನ ಹೊರೆ ಹೆಚ್ಚಿತು. 2014ರ ಜೂನ್ ತಿಂಗಳಲ್ಲಿ ಮಂಡೂರಿನ ಜನ ರಸ್ತೆಗಿಳಿದರು. ಆ ವರ್ಷದ ಡಿಸೆಂಬರಿನಿಂದ ಅಲ್ಲಿಗೆ ಕಸ ಹೋಗುವುದು ನಿಂತಿತು. ಊರಿನವರು ಬಿಸಾಡಿದ್ದನ್ನು ಹಳ್ಳಿಯವರು ಮೂಗು ಮುಚ್ಚಿಕೊಂಡು ಸಹಿಸಬೇಕಾಗಿ ಬಂದದ್ದು ನಮ್ಮ ಕಾಲದ ಇತಿಹಾಸದ ಒಂದು ಕಹಿ ಅಧ್ಯಾಯ.

ಅದೇ ವರ್ಷಗಳಲ್ಲಿ ಒಳ್ಳೆಯ ಕೆಲಸವೂ ನಡೆಯಿತು. ಹೈಕೋರ್ಟು ಹಸಿ ಕಸ, ಒಣ ಕಸ, ಅಪಾಯಕಾರಿ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ಹೇಳಿತು. 2015ರ ಡಿಸೆಂಬರಿನಲ್ಲಿ ಎರಡು ಬುಟ್ಟಿ, ಒಂದು ಚೀಲ ಎಂಬ ಕ್ರಮವನ್ನು ವಿಧಿಸಿತು. ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ತೆರೆದವು. 2011ರಲ್ಲಿ ಲೋಕ ಅದಾಲತ್ತಿನ ನಿರ್ದೇಶನದಂತೆ ಚಿಂದಿ ಆಯುವವರನ್ನು ಗುರುತಿಸಿ ಪಾಲಿಕೆಯ ಗುರುತಿನ ಚೀಟಿ ಕೊಡುವ ಕೆಲಸ ಮೊದಲಾಯಿತು. ‘ಹಸಿರು ದಳ’ದಂಥ ಸಂಘಟನೆಗಳು ಅದಕ್ಕಾಗಿ ದುಡಿದವು. ಗೋಣಿಚೀಲ ಹೊತ್ತು ಬೆಳಗಿನ ಜಾವ ನಡೆಯುವವನನ್ನು ಕಳ್ಳನೆಂದು ತಡೆದು ನಿಲ್ಲಿಸಿದಾಗ ತೋರಿಸಲು ಅವನ ಜೇಬಿನಲ್ಲಿ ಒಂದು ಚೀಟಿ ಬಂದಿತು. ಆ ಚೀಟಿಯನ್ನು ನಾನು ಸಣ್ಣದೆಂದು ಎಣಿಸಲಾರೆ. ಸರಕಾರದ ಕಾಗದವೆಂದರೆ ನಿರ್ಬಂಧವೆಂದೇ ತಿಳಿದಿದ್ದ ಜನರಿಗೆ ಅದು ರಕ್ಷಣೆಯೂ ಆಗಬಲ್ಲದು ಎಂದು ತೋರಿಸಿದ್ದು ಅದು.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ಚಿಂದಿ ಆಯುವವರನ್ನೂ ಅನೌಪಚಾರಿಕವಾಗಿ ಕಸ ಕೊಳ್ಳುವವರನ್ನೂ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ತಿಳಿಸಿದವು. ದಿನಕ್ಕೆ 5 ಟನ್ನಿಗಿಂತ ಹೆಚ್ಚು ಕಸ ಸಂಸ್ಕರಿಸುವ ಘಟಕ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರ ಪತ್ರ ಪಡೆಯಬೇಕು, ಅದರ ಸುತ್ತ ತೆರವಾದ ವಲಯವಿರಬೇಕು ಎಂದೂ ಹೇಳಿದವು. 2020ರಲ್ಲಿ ಬೆಂಗಳೂರಿಗೆ ಪ್ರತ್ಯೇಕ ಘನತ್ಯಾಜ್ಯ ಉಪವಿಧಿಗಳು ಬಂದವು. ಇತ್ತ ಗಣಕಯಂತ್ರ, ದೂರವಾಣಿಗಳ ಇ-ತ್ಯಾಜ್ಯಕ್ಕೆ 2012ರ ಮೇ ತಿಂಗಳಿನಿಂದ ಬೇರೆ ನಿಯಮ ಜಾರಿಯಾಗಿತ್ತು, 2023ರ ಏಪ್ರಿಲ್‌ನಿಂದ ಅದೂ ಬದಲಾಯಿತು. ಹಳೆಯ ವಾಹನಗಳನ್ನು ನೋಂದಾಯಿತ ಕೇಂದ್ರಗಳಲ್ಲಿಯೇ ಕಳಚಬೇಕೆಂಬ ನಿಯಮ 2021ರಲ್ಲಿ ಬಂದಿತು. ಶಿವಾಜಿನಗರದ ಗಲ್ಲಿಗಳಲ್ಲಿ ಕಾರಿನ ಯಾವ ಭಾಗ ಯಾವ ವರ್ಷದ್ದೆಂದು ಕೈಯಿಂದ ಮುಟ್ಟಿಯೇ ಹೇಳಬಲ್ಲ ಕುಶಲಿಗಳಿದ್ದಾರೆ. ಅವರ ಜ್ಞಾನಕ್ಕೆ ಈ ಹೊಸ ಪುಸ್ತಕದಲ್ಲಿ ಹೆಚ್ಚು ಜಾಗ ಸಿಕ್ಕಿಲ್ಲ.

ಹಳೆಯ ಪಟ್ಟಿ ವಾಸನೆಯಿಂದ ಅಳೆಯಿತು, ಹೊಸ ನಿಯಮ ಟನ್ನಿನಿಂದ ಅಳೆಯುತ್ತದೆ. ಇವೆರಡರ ನಡುವೆ ನಿಂತಿರುವ ಸಣ್ಣ ಗುಜರಿ ಅಂಗಡಿ ಯಾವ ಅಳತೆಗೂ ಸರಿಯಾಗಿ ಒದಗುವುದಿಲ್ಲ. ಇದರಿಂದ ಏನಾಗುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ಒಬ್ಬನ ಕಥೆಯನ್ನೇ ಹೇಳುತ್ತೇನೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಬರೆಯುವುದಿಲ್ಲ. ನಿಮ್ಮಲ್ಲಿ ಕೆಲವರು ಅವನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವರು.

ಕೆ.ಆರ್. ಪುರದ ಕಡೆಯ ಒಂದು ಅಡ್ಡರಸ್ತೆಯಲ್ಲಿ ಬಾಡಿಗೆಯ ಶೀಟು ಮನೆಯೊಂದರಲ್ಲಿ ಅವನ ಅಂಗಡಿ. ಇಂದಿರಾನಗರ, ಹಲಸೂರಿನ ಬೀದಿಗಳಲ್ಲಿ ತಳ್ಳುಗಾಡಿ ಓಡಿಸುವವರು ತಂದ ಪತ್ರಿಕೆ, ರಟ್ಟು, ಸೀಸೆ, ಪ್ಲಾಸ್ಟಿಕ್ಕು, ಕಬ್ಬಿಣಗಳನ್ನು ತೂಗಿ ಕೊಳ್ಳುತ್ತಾನೆ. ಐದು ಮಂದಿ ಅವನ್ನು ಬಿಡಿಸಿ ಬೇರೆ ಬೇರೆ ಮಾಡುತ್ತಾರೆ. ಅಲ್ಲಿಂದ ದೊಡ್ಡ ವ್ಯಾಪಾರಿಗೆ, ಮುಂದೆ ಕಾಗದದ ಗಿರಣಿಗೆ, ನಾಯಂಡಹಳ್ಳಿಯ ಪ್ಲಾಸ್ಟಿಕ್ ಘಟಕಗಳಿಗೆ ಸರಕು ಹೋಗುತ್ತದೆ. ಅವನು ಏನನ್ನೂ ಕರಗಿಸುವುದಿಲ್ಲ, ಸುಡುವುದಿಲ್ಲ. ಪಕ್ಕದ ನಿವೇಶನದಲ್ಲಿ ಹೊಸ ಮನೆ ಎದ್ದ ಮೇಲೆ ದೂರು ಹೋಯಿತು, ಪರವಾನಗಿಯಿಲ್ಲದೆ ನಡೆಸುತ್ತಿರುವ ಅಂಗಡಿಯನ್ನು ಮುಚ್ಚಬೇಕೆಂದು ನೋಟೀಸು ಬಂದಿತು. ಪರವಾನಗಿಗೆ ಅರ್ಜಿ ಹಾಕಲು ಹೋದರೆ, ಅದು ವಾಸದ ವಲಯ, ತ್ಯಾಜ್ಯ ಘಟಕಕ್ಕೆ ಅವಕಾಶವಿಲ್ಲ ಎಂದರು. ಇನ್ನೊಂದು ಕಚೇರಿಯಲ್ಲಿ, ನಿಮ್ಮದು ಇಷ್ಟು ಸಣ್ಣದು, ನಮ್ಮ ವ್ಯಾಪ್ತಿಗೇ ಬರುವುದಿಲ್ಲ ಎಂದರು. “ಸಾರ್, ಒಬ್ಬರು ದೊಡ್ಡದು ಅಂತಾರೆ, ಒಬ್ಬರು ಸಣ್ಣದು ಅಂತಾರೆ. ನಾನು ಯಾವ ಸೈಜು ಅಂತ ನೀವೇ ಹೇಳಿ” ಎಂದು ಅವನು ನನ್ನನ್ನು ಕೇಳಿದ.

ನಾನು ಹೋಗಿ ನೋಡಿ ಬಂದೆ. ನೆರೆಮನೆಯವರ ಮಾತನ್ನೂ ಕೇಳಿದೆ. ಅವರು ಕೆಟ್ಟವರಲ್ಲ. ಅವರ ಅಡುಗೆಮನೆಯ ಗೋಡೆಗೆ ತಾಗಿದಂತೆ ಛಾವಣಿಯವರೆಗೆ ರಟ್ಟಿನ ಅಟ್ಟಿ. ಅಂಗಡಿಗೆ ಇರುವುದು ಒಂದೇ ಬಾಗಿಲು. ಬೆಂಕಿ ಆರಿಸಲು ಒಂದು ಬಕೆಟ್ ಮರಳು. ರಾತ್ರಿ ಹನ್ನೊಂದಕ್ಕೆ ಲಾರಿಗೆ ಸರಕು ತುಂಬುವ ಗದ್ದಲ. ವಯಸ್ಸಾದ ತಾಯಿಯನ್ನು ಇಟ್ಟುಕೊಂಡಿರುವ ಆ ಮನೆಯವರು, “ಮೇಷ್ಟ್ರೇ, ಒಂದು ಕಿಡಿ ಬಿದ್ದರೆ ಅಮ್ಮನನ್ನು ಎತ್ತಿಕೊಂಡು ಯಾವ ಕಡೆ ಓಡಲಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಶಿಷ್ಯನ ಮೇಲಿನ ಮಮತೆಯಿಂದ ಆ ಭಯವನ್ನು ತಳ್ಳಿಹಾಕಿದರೆ ಅದು ನ್ಯಾಯವಾಗದು.

ಆದರೆ ಒಂದನ್ನು ಗಮನಿಸಿ. ಅದೇ ವಿಂಗಡಣೆಯ ಕೆಲಸ ಪಾಲಿಕೆಯ ಒಣ ಕಸ ಕೇಂದ್ರದಲ್ಲಿ ನಡೆದರೆ ಅದು ನಗರಸೇವೆ, ಇವನ ಶೀಟು ಮನೆಯಲ್ಲಿ ನಡೆದರೆ ಅಪರಾಧ. ಇವನಿಗೆ ಪರವಾನಗಿ ಇಲ್ಲದಿರುವುದರಿಂದಲೇ ಅಟ್ಟಿ ಎಷ್ಟು ಎತ್ತರವಿರಬೇಕು, ಎರಡನೆಯ ಬಾಗಿಲು ಎಲ್ಲಿರಬೇಕು, ಎಷ್ಟು ಗಂಟೆಗೆ ಲಾರಿ ನಿಲ್ಲಬೇಕು ಎಂಬ ಷರತ್ತುಗಳನ್ನು ಯಾರೂ ಇವನಿಗೆ ವಿಧಿಸಿಲ್ಲ. ನಾಳೆ ಮುಚ್ಚಬೇಕಾಗಬಹುದು ಎಂದುಕೊಂಡವನು ಗೋಡೆ ಕಟ್ಟಿಸಲು ಹಣ ಹಾಕುವುದಿಲ್ಲ. ಮುಚ್ಚಿಸಿದರೆ ಇನ್ನೂ ಒಳಗಿನ ಗಲ್ಲಿಗೆ, ಇನ್ನೂ ಅಗ್ಗದ ಶೆಡ್ಡಿಗೆ ಹೋಗುತ್ತಾನೆ. ಅಲ್ಲಿ ಬೇರೊಂದು ಅಡುಗೆಮನೆಯ ಗೋಡೆ ಇರುತ್ತದೆ. ಪರವಾನಗಿ ಇಲ್ಲದಿರುವುದು ನೆರೆಯವರನ್ನೂ ರಕ್ಷಿಸುವುದಿಲ್ಲ.

ಹಾಗಾದರೆ ನಿಯಮ ಹೇಗಿರಬೇಕು? ನಾನು ಕಾನೂನು ಓದಿದವನಲ್ಲ. ಇತಿಹಾಸ ಕಲಿಸಿದವನಾಗಿ ಹೇಳುತ್ತೇನೆ. ಮೊದಲನೆಯದಾಗಿ, ಕೊಂಡು, ವಿಂಗಡಿಸಿ, ಕೂಡಿಡುವ ಕೆಲಸ ಬೇರೆ. ತೊಳೆದು, ಪುಡಿಮಾಡಿ, ಕರಗಿಸುವ ಕೆಲಸ ಬೇರೆ. ಎರಡನ್ನೂ ‘ತ್ಯಾಜ್ಯ ಘಟಕ’ ಎಂಬ ಒಂದೇ ಚೀಲಕ್ಕೆ ತುಂಬಬಾರದು. ಎರಡನೆಯದಾಗಿ, ಜಾಗದ ಅಳತೆಗೂ ಸರಕಿನ ತೂಕಕ್ಕೂ ತಕ್ಕಂತೆ ಮೆಟ್ಟಿಲುಗಳಿರಬೇಕು. ಕೆಳಗಿನ ಮೆಟ್ಟಿಲಿನ ಸಣ್ಣ ಅಂಗಡಿಗೆ ಒಂದೇ ಕಚೇರಿಯಲ್ಲಿ, ಕಡಿಮೆ ಶುಲ್ಕದಲ್ಲಿ, ಕೆಲವು ವರ್ಷಗಳ ಅವಧಿಗೆ ಪರವಾನಗಿ ಸಿಗಬೇಕು. ಪ್ರತಿಯಾಗಿ ಷರತ್ತುಗಳು ಖಚಿತವಾಗಿರಬೇಕು: ಬೆಂಕಿಯ ಮುನ್ನೆಚ್ಚರಿಕೆ, ಅಟ್ಟಿಯ ಎತ್ತರ, ಕೆಲಸದ ವೇಳೆ, ತಂತಿ ಸುಡಕೂಡದು, ಬ್ಯಾಟರಿ ಒಡೆಯಕೂಡದು, ಆಸ್ಪತ್ರೆಯ ಕಸ ಮುಟ್ಟಕೂಡದು. ಸೀಸ, ಆಮ್ಲಗಳ ಹೊಗೆ ಕುಡಿದ ಕೆಲಸಗಾರನ ಶ್ವಾಸಕೋಶಕ್ಕೆ ಯಾವ ರಿಯಾಯಿತಿಯೂ ಮದ್ದಾಗದು. ಈ ವಿಷಯದಲ್ಲಿ ನಾನು ಗುಜರಿಯವರ ಪಕ್ಷವನ್ನೂ ವಹಿಸಲಾರೆ.

ಮೂರನೆಯ ಮಾತು ಗಡಿಯದು. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಊರನ್ನು ಐದು ನಗರ ಪಾಲಿಕೆಗಳಾಗಿ ವಿಂಗಡಿಸಿದರು. ಶಿವಾಜಿನಗರ, ಹಲಸೂರು, ಇಂದಿರಾನಗರಗಳು ಕೇಂದ್ರ ಪಾಲಿಕೆಗೆ ಸೇರಿದವು, ಕೆ.ಆರ್. ಪುರ ಮತ್ತು ಮಹದೇವಪುರ ಪೂರ್ವ ಪಾಲಿಕೆಗೆ. ನನ್ನ ಶಿಷ್ಯ ಕೇಂದ್ರದಲ್ಲಿ ಕೊಂಡ ಕಾಗದವನ್ನು ಪೂರ್ವದಲ್ಲಿ ಕೂಡಿಡುತ್ತಾನೆ. ಪೇಟೆ ಮತ್ತು ದಂಡಿನ ನಡುವೆ ಇದ್ದಂಥ ಗೆರೆಯೊಂದು ಈಗ ಅವನ ತಳ್ಳುಗಾಡಿಯ ದಾರಿಯಲ್ಲಿ ಬಿದ್ದಿದೆ. ಐದು ಪಾಲಿಕೆಗಳೂ ಐದು ಬಗೆಯ ನಿಯಮ ಬರೆದರೆ ಸರಕು ಎಲ್ಲಿ ಸಡಿಲವೋ ಅಲ್ಲಿಗೆ ಹರಿಯುತ್ತದೆ. ಆ ಸಡಿಲವಾದ ಜಾಗ ಯಾವಾಗಲೂ ಊರಂಚಿನ ಬಡವರ ಬೀದಿಯೇ ಆಗಿರುತ್ತದೆ ಎಂಬುದನ್ನು ಮಂಡೂರು ನಮಗೆ ಕಲಿಸಿದೆ.

ಉಪವಿಧಿಗಳ ಕರಡು ಪ್ರಕಟವಾದಾಗ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆಗಳನ್ನು ಕೇಳುವ ಪದ್ಧತಿಯಿದೆ. ಅದು ರಾಜ್ಯಪತ್ರದಲ್ಲಿ ಬರುತ್ತದೆ, ಬಹುಮಂದಿ ಓದುವುದಿಲ್ಲ, ಗಡುವು ಮುಗಿದುಹೋಗುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಈಗ ಇಂಜಿನಿಯರುಗಳಿದ್ದೀರಿ, ವಕೀಲರಿದ್ದೀರಿ, ಸರಕಾರಿ ನೌಕರಿಯಲ್ಲಿರುವವರೂ ಇದ್ದೀರಿ. ಅಂಥ ಕರಡು ಕಂಡಾಗ ಒಂದು ಪುಟ ಬರೆದು ಕಳಿಸಿ. ಗುಜರಿಯವನ ಪರವಾಗಿಯೇ ಬರೆಯಬೇಕೆಂದು ನಾನು ಹೇಳುವುದಿಲ್ಲ, ನೆರೆಮನೆಯ ಆ ತಾಯಿಯ ಪರವಾಗಿಯೂ ಬರೆಯಬಹುದು. ಇಬ್ಬರಿಗೂ ಆಗಿಬರುವ ಒಂದು ವಾಕ್ಯ ನಿಯಮದಲ್ಲಿ ಸೇರಿದರೆ ಸಾಕು.

ಅಂದಹಾಗೆ, ಆ ಎರಡನೆಯ ಬಾಗಿಲಿನ ವಿಚಾರ. ನೋಟೀಸಿಗೆ ಉತ್ತರ ಕೊಡಲು ಅವನಿಗೆ ಇನ್ನೂ ಕೆಲವು ವಾರಗಳ ಕಾಲಾವಕಾಶವಿದೆ. ಅಷ್ಟರೊಳಗೆ ರಟ್ಟಿನ ಅಟ್ಟಿಯನ್ನು ಗೋಡೆಯಿಂದ ಮೂರಡಿ ಸರಿಸು, ರಾತ್ರಿಯ ಲಾರಿ ನಿಲ್ಲಿಸು, ಕಾಗದ ಬರುವವರೆಗೆ ಕಾಯಬೇಡ ಎಂದು ಹೇಳಿದ್ದೇನೆ. ಲಾರಿ ನಿಂತಿದೆ ಎಂದು ನೆರೆಮನೆಯವರೇ ತಿಳಿಸಿದರು. ಬಾಗಿಲು ಒಡೆಯಲು ಜಾಗದ ಯಜಮಾನರ ಒಪ್ಪಿಗೆ ಬೇಕು. ಈ ಕಡೆಯ ಕಟ್ಟಡ ಕೆಲಸ ಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದರೆ ನನಗೆ ತಿಳಿಸಿ, ಅವನೊಡನೆ ಮಾತನಾಡಿಸುತ್ತೇನೆ.